ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆದಾಗ

ಬಿಜೈಯಲ್ಲಿ ನಮ್ಮದೊಂದು ಪೈಪು, ನಲ್ಲಿ ಸಾಮಾನಿನ ಸಣ್ಣ ಅಂಗಡಿ ಉಂಟು. ಕೌಂಟರಿನಲ್ಲಿ ಕೂರುವವಳು ನಾನು, ಮನೆಮನೆಗೆ ಹೋಗಿ ರಿಪೇರಿ ಮಾಡುವವರು ನನ್ನ ಗಂಡ. ಬೇರೆ ಸಾಮಾನಿಗೆ ಬಂದವರು ಬೇಕಾದದ್ದು ಕೇಳಿ ತೆಗೆದುಕೊಂಡು ಹೋಗುತ್ತಾರೆ. ಫ್ಲಶ್ ಟ್ಯಾಂಕಿನ ಒಳಗಿನ ಸಾಮಾನಿಗೆ ಬಂದವರು ಮಾತ್ರ ಹೋಗುವಾಗ ಒಂದು ಕಥೆ ಬಿಟ್ಟು ಹೋಗುತ್ತಾರೆ. ಆ ಮುಚ್ಚಳದ ಕೆಳಗೆ ಎಂತ ಉಂಟು ಅಂತ ಹಾಳಾಗುವ ತನಕ ಯಾರೂ ನೋಡಿರುವುದಿಲ್ಲ. ನೋಡಿದ ಮೇಲೂ ಹೆಸರು ಗೊತ್ತಾಗುವುದಿಲ್ಲ. "ಅದು ಉಂಟಲ್ಲ ಅಕ್ಕ, ಮೇಲೆ ಕೆಳಗೆ ಹೋಗುವುದು" ಅನ್ನುತ್ತಾರೆ. ಅದರೊಳಗೆ ಇರುವುದೆಲ್ಲ ಮೇಲೆ ಕೆಳಗೆ ಹೋಗುವುದೇ.

ಸ್ಯಾಂಪಲ್

ಹತ್ತಿರದ ಫ್ಲ್ಯಾಟಿನ ಒಬ್ಬರು ಲೆಕ್ಚರರ್ ಬಂದಿದ್ದರು. ಟ್ಯಾಂಕ್ ತುಂಬಿದರೂ ಒಳಗೆ ಬರುವ ನೀರು ನಿಲ್ಲುವುದಿಲ್ಲವಂತೆ. ಹಾಳಾದ ಸಾಮಾನು ಎಷ್ಟು ದೊಡ್ಡದು ಅಂತ ಕೇಳಿದರೆ ಮೊದಲು ಕೈಯಲ್ಲಿ ತೆಂಗಿನಕಾಯಿಯಷ್ಟು ತೋರಿಸಿದರು. ಸ್ವಲ್ಪ ಯೋಚಿಸಿ ಲಿಂಬೆಹಣ್ಣಿಗೆ ಇಳಿದರು. ಹೀಗಾದರೆ ಆಗುವುದಿಲ್ಲ, ಹಳೆಯದನ್ನೇ ಬಿಚ್ಚಿ ಸ್ಯಾಂಪಲ್ ತನ್ನಿ ಅಂದೆ.

ಮರುದಿನ ಬಂದರು. ನೀರು ಒಳಗೆ ಬರುವ ವಾಲ್ವನ್ನು ಬುಡಸಮೇತ ಬಿಚ್ಚಿ ಬಟ್ಟೆಚೀಲದಲ್ಲಿ ತಂದಿದ್ದರು. ಪ್ಲಂಬರನ್ನು ಕರೆಯದೆ ತಾನೇ ಬಿಚ್ಚಿದ್ದು ಅಂತ ಅವರಿಗೆ ಬಹಳ ಖುಷಿ. ಬಿಚ್ಚುವ ಮೊದಲು ನೀರು ಬಂದ್ ಮಾಡಿದ್ದೀರಾ ಅಂತ ಕೇಳಿದೆ. ಅದರ ಅಗತ್ಯವೇ ಬರಲಿಲ್ಲ, ಮೇಲಿನ ಟ್ಯಾಂಕಿ ಖಾಲಿಯಾಗಿ ನಲ್ಲಿಯಲ್ಲಿ ಒಂದು ಹನಿಯೂ ಇರಲಿಲ್ಲ ಅಂದರು.

ನಾನು ಹೊಸದನ್ನು ತೆಗೆದು ಅಳತೆ ನೋಡುತ್ತಿರುವಾಗ ಅವರಿಗೆ ಫೋನ್ ಬಂತು. ಅವರ ಹೆಂಡತಿಯ ಸ್ವರ ನನಗೂ ಕೇಳುತ್ತಿತ್ತು. ವಾಚ್‌ಮನ್ ಪಂಪ್ ಹಾಕಿದ್ದಾನೆ, ಬಾತ್‌ರೂಮ್ ತುಂಬಿ ನೀರು ಬೆಡ್‌ರೂಮಿಗೆ ಬಂದಿದೆ. ಲೆಕ್ಚರರ್ ಫೋನ್ ಜೇಬಿಗೆ ಹಾಕಿದರು, ಕೌಂಟರಿನಿಂದ ಚೀಲ ಎಳೆದುಕೊಂಡರು, ಸ್ಕೂಟರ್ ಹತ್ತಿದರು. ಅವರು ತಿರುವಿನಲ್ಲಿ ಮರೆಯಾದ ಮೇಲೆ ನೋಡುತ್ತೇನೆ, ಹೊಸ ವಾಲ್ವ್ ನನ್ನ ಕೈಯಲ್ಲೇ ಉಂಟು. ಅವರು ಸ್ಯಾಂಪಲನ್ನೇ ವಾಪಸು ತೆಗೆದುಕೊಂಡು ಹೋಗಿದ್ದರು.

ಎರಡು ಬಟನ್

ಒಂದು ಮನೆಯಲ್ಲಿ ಹೊಸ ನಮೂನೆಯ ಟ್ಯಾಂಕ್ ಹಾಕಿಸಿದ್ದರು. ಅದರ ಮೇಲೆ ಒಂದು ದೊಡ್ಡ ಬಟನ್, ಒಂದು ಸಣ್ಣ ಬಟನ್. ದೊಡ್ಡದು ಒತ್ತಿದರೆ ಹೆಚ್ಚು ನೀರು, ಸಣ್ಣದಕ್ಕೆ ಕಡಿಮೆ. ಕೆಲವು ಸಮಯದ ಮೇಲೆ ಸಣ್ಣ ಬಟನ್ ಜಾಮ್ ಆಗಿದೆ ಅಂತ ನನ್ನ ಗಂಡನನ್ನು ಕರೆದರು. ಇವರು ಮುಚ್ಚಳ ತೆಗೆದು ನೋಡಿದರೆ ಒಳಗೆ ಎಲ್ಲ ಹೊಸದರ ಹಾಗೆಯೇ ಉಂಟು. ಬಟನ್ ಮಾತ್ರ ಬಳಸದೆ ಗಟ್ಟಿಯಾಗಿತ್ತು. ಇದನ್ನು ಯಾರೂ ಒತ್ತುವುದಿಲ್ಲವಾ ಅಂತ ಕೇಳಿದರು.

ಬಾಗಿಲ ಹತ್ತಿರ ನಿಂತಿದ್ದ ಆ ಮನೆಯ ಅಜ್ಜಿ ಬಹಳ ಬೇಸರದಿಂದ ಹೇಳಿದರಂತೆ: "ಒತ್ತುವುದು ಯಾರು? ಮಗ ಸೊಸೆಗೆ ಮದುವೆಯಾಗಿ ಇಷ್ಟು ವರ್ಷ ಆಯಿತು, ಮನೆಯಲ್ಲಿ ಸಣ್ಣ ಮಕ್ಕಳೇ ಇಲ್ಲವಲ್ಲ."

ಕಡಲಿನ ಬೆಂಡು

ಶಕ್ತಿನಗರದಲ್ಲಿ ಮಗಳ ಮನೆಯಲ್ಲಿ ಒಬ್ಬರು ಹಿರಿಯರಿದ್ದಾರೆ. ಪ್ರಾಯದಲ್ಲಿ ಪೂರ್ತಿ ಮೀನು ಹಿಡಿಯುವ ಬೋಟಿನಲ್ಲೇ ಇದ್ದವರು. ಫ್ಲಶ್ಶಿನ ಹಿಡಿ ಮುರಿದಿದೆ ಅಂತ ಮಗಳು ಫೋನ್ ಮಾಡಿದ್ದಕ್ಕೆ ನನ್ನ ಗಂಡ ಹೋಗಿದ್ದರು. ಮುಚ್ಚಳ ತೆಗೆದರೆ ಒಳಗೆ ನೀರಿನ ಮೇಲೆ ತೇಲಬೇಕಾದ ಪ್ಲಾಸ್ಟಿಕ್ ಚೆಂಡೇ ಇಲ್ಲ. ಅದರ ಜಾಗದಲ್ಲಿ ಮೀನಿನ ಬಲೆ ಮುಳುಗದ ಹಾಗೆ ಕಟ್ಟುವ ಬೆಂಡು, ನೈಲಾನ್ ಹಗ್ಗದಲ್ಲಿ ಬಿಗಿದು ಕಟ್ಟಿದ್ದು. ಚೆಂಡು ಒಡೆದಾಗ ಹಿರಿಯರೇ ಮಾಡಿಕೊಂಡ ರಿಪೇರಿ.

ಹೇಗೂ ಬಂದಿದ್ದೇನೆ, ಹೊಸ ಚೆಂಡು ಹಾಕಿ ಬಿಡುತ್ತೇನೆ, ಇದು ಎಷ್ಟು ದಿನ ಬಂದೀತು ಅಂತ ಇವರು ಕೇಳಿದರು. ಹಿರಿಯರಿಗೆ ಅದು ಸರಿಬರಲಿಲ್ಲ.

"ನಡುಕಡಲಲ್ಲಿ ಇಡೀ ಬಲೆ ಎತ್ತಿ ಹಿಡಿದದ್ದು ಇದು. ನಿನ್ನ ಒಂದು ಡಬ್ಬ ನೀರು ಇದಕ್ಕೆ ಎಂತ ಲೆಕ್ಕ ಮಾರಾಯ?"

ಇವರು ಆದರೂ ಬಿಚ್ಚಲು ನೋಡಿದರು. ಆ ಗಂಟು ಬಿಚ್ಚಿಕೊಳ್ಳಲಿಲ್ಲ. ಹಿಡಿ ಮಾತ್ರ ಸರಿ ಮಾಡಿ ಬಂದರು. ಮರುವಾರ ಅದೇ ಬೀದಿಯ ಒಬ್ಬರು ನಮ್ಮ ಅಂಗಡಿಗೆ ಬಂದು, ಟ್ಯಾಂಕಿಗೆ ಹಾಕುವ ಬೆಂಡು ಕೊಡಿ ಅಂದರು. ಅದು ನಮ್ಮಲ್ಲಿ ಇಲ್ಲ, ಬಂದರಿನಲ್ಲಿ ಕೇಳಿ ಅಂದೆ. ಅವರು, ಸರಿ, ಹಾಗೆಯೇ ಸ್ವಲ್ಪ ಬಂಗುಡೆ ಮೀನೂ ತಂದ ಹಾಗಾಯಿತು ಅಂತ ಹೊರಟರು.

ಸೋದರಮಾವ

ಇದು ಪಂಪ್‌ವೆಲ್ ಸರ್ಕಲಿನ ಹತ್ತಿರದ ಒಂದು ಮನೆಯಲ್ಲಿ ಆದದ್ದು. ಬೆಳಿಗ್ಗೆ ಆ ಮನೆಯ ಯಜಮಾನರು ಫೋನ್ ಮಾಡಿದರು. ಸಂಜೆ ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ, ಹಾಲಿಗೆ ತಾಗಿದ ಬಾತ್‌ರೂಮಿನಲ್ಲಿ ಫ್ಲಶ್ ಕೆಲಸ ಮಾಡುವುದಿಲ್ಲ, ನೀರು ಸೋರುವ ಶಬ್ದ ಹಾಲಿನವರೆಗೆ ಕೇಳುತ್ತದೆ. ಹುಡುಗ ಹುಡುಗಿ ಮೊದಲೇ ಒಪ್ಪಿಕೊಂಡಿದ್ದರು. ಇನ್ನು ಹುಡುಗನ ಅಮ್ಮ ಒಬ್ಬರು ಮಾತ್ರ ಹೂಂ ಅನ್ನಬೇಕಿತ್ತು. ಅವರು ಶುಚಿಯಲ್ಲಿ ಬಹಳ ಕಟ್ಟುನಿಟ್ಟು, ಈ ಮೊದಲು ಒಂದು ಮನೆಯ ಸಂಬಂಧವನ್ನು ಬಚ್ಚಲು ನೋಡಿಯೇ ಬೇಡ ಅಂದಿದ್ದರಂತೆ.

ನನ್ನ ಗಂಡ ಊಟ ಮುಗಿಸಿ ಹೋದರು. ಟ್ಯಾಂಕಿನ ಒಳಗಿನದೆಲ್ಲ ಪುಡಿಪುಡಿಯಾಗಿತ್ತು. ಎಲ್ಲ ತೆಗೆದು ಹೊಸತು ಕೂರಿಸುತ್ತಿರುವಾಗ ಹೊರಗೆ ಕಾರು ನಿಂತ ಶಬ್ದ. ಪಂಪ್‌ವೆಲ್‌ನಲ್ಲಿ ಆ ದಿನ ಮಾತ್ರ ವಾಹನಗಳ ಬ್ಲಾಕ್ ಇರಲಿಲ್ಲವಂತೆ, ನೆಂಟರು ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟಿದ್ದರು. ಯಜಮಾನರು ಓಡಿ ಬಂದು, ಶಬ್ದ ಮಾಡಬೇಡಿ ಅಂತ ಪಿಸುಗುಟ್ಟಿ ಬಾಗಿಲು ಎಳೆದುಕೊಂಡು ಹೋದರು. ಇವರು ಒಳಗೆ ಉಸಿರು ಬಿಗಿಹಿಡಿದು ಒಂದೊಂದೇ ನಟ್ ತಿರುಗಿಸಿದರು.

ಅಷ್ಟರಲ್ಲಿ ಹುಡುಗನ ಅಮ್ಮ, ದೂರದಿಂದ ಬಂದದ್ದು, ಒಮ್ಮೆ ಬಾತ್‌ರೂಮಿಗೆ ಹೋಗಬೇಕಿತ್ತು ಅಂದರು. ಒಳಗೆ ಜನ ಇದ್ದಾರೆ ಅಂದರು ಯಜಮಾನರು. ಯಾರು ಅಂತ ಅವರು ಕೇಳಿದರು. ಯಜಮಾನರ ಬಾಯಿಗೆ ಬಂದದ್ದು ಒಂದೇ ಮಾತು: "ಹುಡುಗಿಯ ಸೋದರಮಾವ."

ನಮ್ಮ ತುಳುವರಲ್ಲಿ ಸೋದರಮಾವ ಅಂದರೆ ಅಪ್ಪನಿಗಿಂತ ಒಂದು ತೂಕ ಹೆಚ್ಚು. ಇವರು ಹಳೆಯದನ್ನೆಲ್ಲ ಚೀಲಕ್ಕೆ ತುಂಬಿ, ನೆಲ ಒರಸಿ, ಬಾಗಿಲು ತೆಗೆದು ಹೊರಗೆ ಬಂದಾಗ ಹಾಲಿನಲ್ಲಿದ್ದವರೆಲ್ಲ ಎದ್ದು ನಿಂತಿದ್ದರು. ಅಂಗಿ ಅರ್ಧ ಒದ್ದೆ. ಆದರೂ ಕೈಹಿಡಿದು ಸೋಫಾದ ನಡುವೆ ಕೂರಿಸಿದರು. ಹುಡುಗಿ ನಗು ತಡೆದುಕೊಂಡು, "ಮಾಮ, ಶರಬತ್ತು" ಅಂತ ಮೊದಲ ಗ್ಲಾಸು ಇವರಿಗೇ ಕೊಟ್ಟಳು.

ಹುಡುಗನ ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊಸ ಸಾಮಾನನ್ನು ಇವರು ಒಮ್ಮೆಯೂ ಒತ್ತಿ ನೋಡಿರಲಿಲ್ಲ. ಯಜಮಾನರು, ಅವರ ಹೆಂಡತಿ, ಹುಡುಗಿ, ನನ್ನ ಗಂಡ, ನಾಲ್ವರ ಕಿವಿಯೂ ಆ ಬಾಗಿಲ ಕಡೆಗೇ. ಇದು ಯಾವುದೂ ಗೊತ್ತಿಲ್ಲದ ಹುಡುಗನ ಅಪ್ಪ, ಈ ಸಂಬಂಧದ ಬಗ್ಗೆ ಮಾವನವರು ಎಂತ ಹೇಳುತ್ತೀರಿ ಅಂತ ಬಹಳ ಗೌರವದಿಂದ ಇವರನ್ನು ಕೇಳುತ್ತಿದ್ದರು.

ಇವರಿಗೆ ಅದು ಕೇಳಿಸಿಯೇ ಇಲ್ಲ. ಒಳಗೆ ಫ್ಲಶ್ ಆಯಿತು. ನೀರು ಪೂರ್ತಿ ಹೋಯಿತು, ಟ್ಯಾಂಕ್ ತುಂಬಿತು, ಶಬ್ದ ತಾನಾಗಿ ನಿಂತಿತು. ಇವರು ದೊಡ್ಡ ಉಸಿರು ಬಿಟ್ಟು ಹೇಳಿದರು, "ಸರಿಯಾಯ್ತು. ಇನ್ನು ಎಂತ ತೊಂದರೆಯೂ ಇಲ್ಲ."

ಹುಡುಗನ ಅಪ್ಪ ಎದ್ದು ಇವರನ್ನು ತಬ್ಬಿಕೊಂಡರು. ಹೊರಗೆ ಬಂದ ಹುಡುಗನ ಅಮ್ಮ, ಬಾತ್‌ರೂಮ್ ಚೊಕ್ಕ ಉಂಟು ಅಂದರು. ಎರಡೂ ಕಡೆಯ ಒಪ್ಪಿಗೆ ಆದ ಹಾಗಾಯಿತು, ತಟ್ಟೆಯಲ್ಲಿ ಸ್ವೀಟ್ ಬಂತು.

ಮದುವೆಗೆ ನಾವಿಬ್ಬರೂ ಹೋಗಲೇಬೇಕಾಯಿತು. ಗಂಡಿನ ಕಡೆಯವರು ನನ್ನ ಗಂಡನನ್ನು ಕರೆದುಕೊಂಡು ಹೋಗಿ ಎದುರಿನ ಸಾಲಿನಲ್ಲಿ ಕೂರಿಸಿದರು. ಸ್ವಲ್ಪ ಹೊತ್ತಿಗೆ ದುಬೈಯಿಂದ ಹುಡುಗಿಯ ನಿಜವಾದ ಸೋದರಮಾವ ಬಂದರು. ಸೀದಾ ಆ ಸಾಲಿಗೇ ಹೋದವರನ್ನು ಯಜಮಾನರು ತೋಳು ಹಿಡಿದು ಕಂಬದ ಹಿಂದೆ, ನಾನು ನಿಂತಲ್ಲಿಗೆ ಎಳೆದುಕೊಂಡು ಬಂದರು. ದುಬೈಯ ಮಾವನಿಗೆ ಸಿಟ್ಟು ಬಂದಿತ್ತು. ಮಾವನ ಜಾಗದಲ್ಲಿ ಕುಳಿತವರು ಯಾರು, ಹಾಗಾದರೆ ನಾನು ಯಾರು ಅಂತ ಕೇಳಿದರು.

ಯಜಮಾನರು ಅವರ ಬೆನ್ನು ಸವರಿ ಹೇಳಿದರು: "ಇವತ್ತೊಂದು ದಿನ ನೀನು ಸಣ್ಣ ಮಾವ ಮಾರಾಯ. ಹೋಗಿ ದೊಡ್ಡ ಮಾವನ ಕಾಲಿಗೆ ನಮಸ್ಕಾರ ಮಾಡು, ಎಲ್ಲರೂ ನೋಡುತ್ತಿದ್ದಾರೆ."