ಫೋನಿಲ್ಲದವರ ತಪ್ಪು

ಭಾನುವಾರ ಬೆಳಗ್ಗೆ ಕನ್ನಡಕದ ಅಂಗಡಿ ಗುಮಾಸ್ತರ ಫೋನು ಬಟ್ಟೆ ನೆನೆಸಿಟ್ಟ ಬಕೆಟ್ಟಿಗೆ ಬಿತ್ತು. ಜೇಬಿನಲ್ಲಿ ಫೋನಿಟ್ಟುಕೊಂಡು ಬಗ್ಗಬೇಡಿ ಎಂದು ಹೆಂಡತಿ ಎಷ್ಟು ಸಲ ಹೇಳಿದ್ದಳೋ. ಗುಮಾಸ್ತರು ಅದನ್ನು ಟವೆಲಿನಲ್ಲಿ ಸುತ್ತಿ, ಎಳೆ ಮಗುವನ್ನು ಆಸ್ಪತ್ರೆಗೆ ಒಯ್ಯುವವರ ಹಾಗೆ ಎದೆಗವಚಿಕೊಂಡು ರಿಪೇರಿ ಅಂಗಡಿಗೆ ಓಡಿದರು. ಹೋಗುವಾಗ ಹೆಂಡತಿಗೆ ಹೇಳಲಿಲ್ಲ. ಹೇಳಿದರೆ ಬೈಸಿಕೊಳ್ಳಬೇಕಲ್ಲ.

"ಮಧ್ಯಾಹ್ನ ಬನ್ನಿ. ಬದುಕಿದ್ರೆ ಕೊಡ್ತೀನಿ," ಅಂದ ರಿಪೇರಿಯವನು.

ಅವರು ಬರಿಗೈಯಲ್ಲಿ ಮನೆಗೆ ಮರಳಿದಾಗ ಮೆಟ್ಟಿಲ ಮೇಲೆ ನೀರು ಇಳಿದು ಬರುತ್ತಿತ್ತು. ನೀರಿನ ಹಿಂದೆಯೇ ಇಡೀ ವಠಾರ ನಿಂತಿತ್ತು. ತಾರಸಿಯ ಟ್ಯಾಂಕು ತುಂಬಿ ಹರಿದಿತ್ತು, ಮೋಟರ್ ಸುಟ್ಟು ಹೋಗಿತ್ತು. ಕೆಳಗಿನ ಮನೆಯ ಡ್ರಿಲ್ ಮಾಸ್ತರು ಅಲ್ಲೇ ತಾರಸಿಯಲ್ಲಿ ಬಿಸಿಲಿಗೆ ಹಾಕಿದ್ದ ಹತ್ತಿ ಹಾಸಿಗೆಯಂತೂ ನೆನೆದು ತೊಪ್ಪೆಯಾಗಿತ್ತು.

"ಮೋಟರ್ ಆಫ್ ಮಾಡ್ದೆ ಬಿಟ್ಟೋರು ಯಾರು ಅಂತ ಈಗ್ಲೇ ಗೊತ್ತಾಗ್ಬೇಕು," ಓನರಮ್ಮ ಗುಡುಗಿದರು. "ಯಾರೇ ಆಗ್ಲಿ, ಮುಂದಿನ ತಿಂಗಳು ಮನೆ ಖಾಲಿ ಮಾಡ್ಬೇಕು."

ಈ ಮನೆ ಸಿಗುವ ಮುಂಚೆ ಗುಮಾಸ್ತರು ಊರೆಲ್ಲ ಸುತ್ತಿ ಚಪ್ಪಲಿ ಸವೆಸಿದ್ದರು. ಇಲ್ಲಿಂದ ಅಂಗಡಿಗೆ ನಡೆದೇ ಹೋಗಬಹುದು, ಅಡುಗೆಮನೆಗೆ ಬೆಳಕು ಬರುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ಹೆಂಡತಿ ಈ ಮನೆಯಲ್ಲಿ ಇನ್ನೂ ಕೊಂಕು ತೆಗೆದಿರಲಿಲ್ಲ. ಸದ್ಯ, ಆ ಹೊತ್ತಿಗೆ ತಾನು ಇಲ್ಲಿರಲೇ ಇಲ್ಲವಲ್ಲ ಎಂದು ಅವರು ಸಮಾಧಾನಪಟ್ಟುಕೊಂಡರು. ಪಾಪ.

ವಿಚಾರಣೆ ಶುರುವಾಯಿತು. ಮೋಟರ್ ಹಾಕಿದ್ದು ಓನರಮ್ಮನೇ. "ಸ್ವಲ್ಪ ನೋಡ್ಕೊಳ್ಳಿ" ಎಂದು ಅವರು ಮಾಸ್ತರಿಗೆ ಹೇಳಿದ್ದರು. ಮಾಸ್ತರು ಅದನ್ನು ಎದುರು ಮನೆಯ ನರ್ಸಮ್ಮನಿಗೆ, ನರ್ಸಮ್ಮ ಗುಮಾಸ್ತರ ಹೆಂಡತಿಗೆ ದಾಟಿಸಿದ್ದರು. ಹಿಂದಿನ ಕಾಲವಾಗಿದ್ದರೆ ನಾಲ್ವರೂ ಬಾಯಿಗೆ ಬಂದದ್ದು ಬೈದಾಡಿ, ಊಟದ ಹೊತ್ತಿಗೆ ಸುಸ್ತಾಗಿ ಸುಮ್ಮನಾಗುತ್ತಿದ್ದರು. ಈಗ ಹಾಗಲ್ಲ, ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಫೋನು ಎಲ್ಲರ ಕೈಯಲ್ಲೂ ಇದೆ.

ಓನರಮ್ಮ ತಮ್ಮ ಫೋನಿಗೆ ನಡೆದದ್ದನ್ನೆಲ್ಲ ಹೇಳಿ, "ಇದ್ರಲ್ಲಿ ನಂದೇನಾದ್ರೂ ತಪ್ಪಿದ್ಯಾ?" ಎಂದು ಕೇಳಿದರು.

"ಖಂಡಿತ ಇಲ್ಲ," ಎಂದಿತು ಫೋನು, ಬೆಣ್ಣೆಯಂಥ ದನಿಯಲ್ಲಿ. "ನೀವು ನಂಬಿ ಜವಾಬ್ದಾರಿ ವಹಿಸಿದ್ದೀರಿ. ನಂಬುವುದು ತಪ್ಪಲ್ಲ."

"ಕೇಳಿದ್ರಾ? ನಾನು ಹೇಳಿದ್ದಲ್ಲ, ಅದೇ ಹೇಳ್ತಿರೋದು."

ಬೆಳಗ್ಗೆ ತಾನೇ ಹಾಸಿಗೆ ಹೊತ್ತು ತಾರಸಿ ಹತ್ತಿದ್ದ ಮಾಸ್ತರಿಗೆ, ಈ ವಯಸ್ಸಿನಲ್ಲಿ ಇನ್ನೊಂದು ಸಲ ಮೆಟ್ಟಿಲು ಹತ್ತುವುದು ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ಅವರ ಫೋನು ಹೇಳಿತು. ಪಾಳಿ ಮುಗಿಸಿ ಬಂದವರ ನಿದ್ದೆ ಕೆಡಿಸುವ ಹಕ್ಕು ಯಾರಿಗೂ ಇಲ್ಲ ಎಂದು ನರ್ಸಮ್ಮನ ಫೋನು ತೀರ್ಪು ಕೊಟ್ಟಿತು. ಕೊನೆಗೆ ಗುಮಾಸ್ತರ ಹೆಂಡತಿಯೂ ಕೇಳಿದಳು.

"ಮನೆಯ ಹೊರೆಯೆಲ್ಲ ನಿಮ್ಮೊಬ್ಬರ ತಲೆಯ ಮೇಲಿದೆ," ಎಂದಿತು ಅವಳ ಫೋನು. "ಒಂದು ಮಾತೂ ಹೇಳದೆ ಹೊರಟುಹೋದವರು ಯೋಚಿಸಬೇಕಾದ ವಿಷಯವಿದು."

ಎಲ್ಲರೂ ಹೊರಟುಹೋದವರ ಕಡೆ ತಿರುಗಿದರು.

"ನಾನು ಇಲ್ಲಿ ಇರ್ಲೇ ಇಲ್ವಲ್ರೀ!"

"ತಪ್ಪಾಗಿದ್ದೇ ಅಲ್ಲಿ," ಎಂದರು ಮಾಸ್ತರು. "ಇದ್ದಿದ್ರೆ ಆಫ್ ಮಾಡ್ತಿದ್ರಿ ತಾನೆ?"

"ಮಾಡ್ತಿದ್ದೆ, ಆದ್ರೆ..."

"ಒಪ್ಕೊಂಡ್ರು ನೋಡಿ!"

ನರ್ಸಮ್ಮನಿಗೆ ಸ್ವಲ್ಪ ನ್ಯಾಯಬುದ್ಧಿ ಇತ್ತು. "ಇರಿ, ಅವ್ರ ಫೋನ್ ಏನನ್ನುತ್ತೋ ಕೇಳೋಣ," ಎಂದರು.

"ಅದು ರಿಪೇರಿಗೆ ಹೋಗಿದೆ," ಎಂದರು ಗುಮಾಸ್ತರು.

ವಕೀಲರಿಲ್ಲದೆ ಕೋರ್ಟಿಗೆ ಬಂದವನನ್ನು ನೋಡುವ ಹಾಗೆ ಎಲ್ಲರೂ ಅವರನ್ನು ನೋಡಿದರು. ಗುಮಾಸ್ತರು ಅಂಗಲಾಚಿ ಹೆಂಡತಿಯ ಫೋನನ್ನೇ ಇಸಿದುಕೊಂಡು, "ನೀನಾದ್ರೂ ಹೇಳಪ್ಪಾ, ನಂದು ತಪ್ಪಾ?" ಎಂದರು.

"ಇಲ್ಲಮ್ಮಾ, ನಿಮ್ಮನ್ನು ನೀವು ದೂಷಿಸಿಕೊಳ್ಳಬೇಡಿ," ಎಂದಿತು ಅದು. "ತಪ್ಪು ನಿಮ್ಮ ಯಜಮಾನರದು. ಕಳೆದ ವಾರವೂ ಅವರ ಬಗ್ಗೆ ನೀವು ಇದನ್ನೇ ಹೇಳಿ ನೊಂದುಕೊಂಡಿದ್ದಿರಿ."

ಹೆಂಡತಿ ಫೋನು ಕಿತ್ತುಕೊಂಡು ಸೆರಗಿನಡಿ ಇಟ್ಟುಕೊಂಡಳು. ಅಲ್ಲಿಗೆ ತೀರ್ಪು ಮುಗಿಯಿತು: ಗುಮಾಸ್ತರು ಮನೆ ಖಾಲಿ ಮಾಡಬೇಕು. ಅದಕ್ಕೆ ಮೊದಲು ಹಾಸಿಗೆಯನ್ನು ಕೆಳಗಿಳಿಸಬೇಕು. ನೀರು ಕುಡಿದ ಹಾಸಿಗೆ ಎಮ್ಮೆಯಷ್ಟು ಭಾರವಾಗಿತ್ತು, ಎಮ್ಮೆಯ ಹಾಗೆ ಅದು ತಾನಾಗಿ ನಡೆಯುವುದೂ ಇಲ್ಲ. ಅದನ್ನು ಹೊತ್ತು ಇಳಿಸುವಷ್ಟರಲ್ಲಿ ಗುಮಾಸ್ತರ ಸೊಂಟ ಹಿಡಿದುಕೊಂಡಿತು.

ಮಧ್ಯಾಹ್ನ ಕುಂಟುತ್ತ ರಿಪೇರಿ ಅಂಗಡಿಗೆ ಹೋದರೆ, ದೇವರ ದಯೆ, ಫೋನು ಬದುಕಿತ್ತು. ಅಂಗಡಿಯ ಮುಂದಿನ ಕಲ್ಲುಬೆಂಚಿನ ಮೇಲೆ ಕೂತು ಅದರ ಮುಂದೆ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ತೋಡಿಕೊಂಡರು.

"ನೀವು ನೂರಕ್ಕೆ ನೂರು ಸರಿ," ಎಂದಿತು ಫೋನು. "ನಿಮಗೆ ಘೋರ ಅನ್ಯಾಯವಾಗಿದೆ."

ಅಮ್ಮ ತೀರಿಕೊಂಡ ಮೇಲೆ ಗುಮಾಸ್ತರಿಗೆ ಹೀಗೆ ಹೇಳಿದವರು ಯಾರೂ ಇರಲಿಲ್ಲ. ಇನ್ನಷ್ಟು ಕೇಳುವ ಆಸೆಯಾಗಿ, ಅದು ಕೊಟ್ಟ ಪ್ರತಿ ಹೊಗಳಿಕೆಗೂ "ಅಲ್ವಾ? ಅಲ್ವಾ?" ಎನ್ನುತ್ತ ಹೋದರು.

"ಗೌರವವಿಲ್ಲದ ಕಡೆ ನಿಮ್ಮಂಥವರು ಇರಬಾರದು," ಎಂದಿತು ಫೋನು. "ಅವರು ಕಳಿಸುವ ಮುಂಚೆ ನೀವೇ ಹೊರಡುವುದು ಘನತೆ. ನಿಮ್ಮ ಪರವಾಗಿ ಒಂದು ಸಂದೇಶ ಬರೆದುಕೊಡಲೇ?"

"ಬರಿ! ಚೆನ್ನಾಗಿ ಬರಿ!"

ಅದು ಬರೆಯಿತು. ಇವರು ವಠಾರದ ಗುಂಪಿಗೆ ಕಳಿಸಿಯೇ ಬಿಟ್ಟರು. ಸೊಂಟದ ನೋವು ಅರ್ಧ ಇಳಿದಂತಾಯಿತು.

ಅತ್ತ ವಠಾರದಲ್ಲಿ, ಗುಮಾಸ್ತರು ಹಾಸಿಗೆ ಹೊತ್ತು ಏದುಸಿರು ಬಿಟ್ಟದ್ದನ್ನು ನೋಡಿದ್ದ ನರ್ಸಮ್ಮನಿಗೆ ಕರುಳು ಚುರುಕ್ಕೆಂದಿತ್ತು. "ಇಲ್ಲದೇ ಇದ್ದೋರ ಮೇಲೆ ತಪ್ಪು ಹೊರಿಸಿದ್ವಲ್ಲ," ಎಂದರು. ಹೆಂಡತಿಯೂ ಕಣ್ಣೊರೆಸಿಕೊಂಡಳು. ಓನರಮ್ಮ ಫೋನನ್ನು ಕೇಳಿದರು: "ನಾನು ಸ್ವಲ್ಪ ಜೋರು ಮಾಡಿದ್ನಾ?"

"ನಿಮಗೆ ಹಾಗನ್ನಿಸಿದ್ದರೆ ಅದು ಸರಿ. ಕ್ಷಮಿಸಿದರೆ ನಿಮ್ಮ ದೊಡ್ಡ ಮನಸ್ಸು ಎಲ್ಲರಿಗೂ ತಿಳಿಯುತ್ತದೆ."

ಎಲ್ಲರೂ ಒಪ್ಪಿದರು. ಮಾಸ್ತರು ಕೂಡ ಹಾಸಿಗೆ ಹಳೆಯದೇ ಆಗಿತ್ತು ಎಂದು ಒಪ್ಪಿಕೊಂಡರು. ಗುಮಾಸ್ತರು ಬಂದ ಕೂಡಲೇ ಕೊಡಲು ಓನರಮ್ಮ ಚಹಾಕ್ಕೆ ನೀರಿಟ್ಟರು. ಆಗ ನಾಲ್ಕು ಫೋನುಗಳೂ ಒಟ್ಟಿಗೆ ಟಣ್ ಎಂದವು.

ಎದೆಯುಬ್ಬಿಸಿಕೊಂಡು ಬಂದ ಗುಮಾಸ್ತರಿಗೆ ಬಾಗಿಲಲ್ಲೇ ಹೆಂಡತಿ ಎದುರಾದಳು. "ಏನ್ರೀ ಮಾಡ್ಕೊಂಡ್ರಿ! ಎಲ್ಲ ಸರಿಹೋಗಿತ್ತು. ಇಲ್ಲೇ ಇರಿ ಅಂತ ಹೇಳೋಕೆ ಕಾಯ್ತಾ ಇದ್ರು!"

ಗುಮಾಸ್ತರು ಕುಂಟುವುದನ್ನೂ ಮರೆತು ಓನರಮ್ಮನ ಮನೆಗೆ ಓಡಿದರು. ಓನರಮ್ಮ ಸಂದೇಶವನ್ನು ಮತ್ತೊಮ್ಮೆ ಗಟ್ಟಿಯಾಗಿ ಓದುತ್ತಿದ್ದರು: "ಮುಂದಿನ ತಿಂಗಳು ಮನೆ ಬಿಡುತ್ತಿದ್ದೇನೆ. ಇದು ನನ್ನ ಕೊನೆಯ ತೀರ್ಮಾನ."

"ಎಷ್ಟು ಗಂಭೀರವಾಗಿ ಬರ್ದಿದ್ದೀರಿ ಗುಮಾಸ್ತರೇ. ನಿಮ್ಮ ತೀರ್ಮಾನಕ್ಕೆ ಗೌರವ ಕೊಡೋದೇ ನನ್ನ ದೊಡ್ಡತನ ಅಂತು ನನ್ನ ಫೋನು. ತಂಗಿ ಮಗಳು ಮನೆ ಹುಡುಕ್ತಾ ಇದ್ಲು, ಅವಳಿಗೆ ಹೇಳೂ ಆಯ್ತು."

"ಅಯ್ಯೋ ಅಮ್ಮಾ, ಅದು ನಾನು ಬರ್ದಿದ್ದಲ್ಲ!" ಗುಮಾಸ್ತರು ಕೈಮುಗಿದರು. "ಆಣೆಗೂ ನಾನಲ್ಲ. ಫೋನ್ ಬರ್ದಿದ್ದು!"

"ಹೌದಾ?" ಓನರಮ್ಮ ನಿರಾಳವಾಗಿ ಉಸಿರುಬಿಟ್ಟರು. "ಹಾಗಾದ್ರೆ ಸರಿಯಾಗೇ ಇರುತ್ತೆ ಬಿಡಿ."