ಕನಕಪ್ಪನ ಬೆನ್ನಿಗೆ ನೀರು

ಯಲಬುರ್ಗಾ ಕಡೆಯ ಒಂದು ಹಳ್ಳಿಯ ನೀರುಗಂಟಿ ಕನಕಪ್ಪ, ಊರಬಾಗಿಲ ಅಗಸಿ ಮುಂದಿನ ನೀರಿನ ವಾಲ್ವು ತಿರುಗಿಸಲು ಬಗ್ಗಿದವನು ಹಾಗೇ ಉಳಿದುಬಿಟ್ಟ. ಮುರಿದ ಕೊಡೆಯನ್ನು ಒಯ್ಯುವಂತೆ ಇಬ್ಬರು ಅವನನ್ನು ಮನೆಗೆ ಹೊತ್ತು ತಂದರು. ಕೊಪ್ಪಳದಲ್ಲಿ ಸ್ಕ್ಯಾನ್ ಆಯಿತು. "ಬೆನ್ನಿನ ಮಣಿಗಳ ನಡುವ ಮೆತ್ತನ ಗಾದಿ ಇರ್ತಾವ. ನಿಮ್ಮವು ಎರಡು ಗಾದ್ಯಾಗಿನ ನೀರ ಆರಿ, ಸವದಾವ. ಬಗ್ಗಬ್ಯಾಡ್ರಿ, ಭಾರ ಎತ್ತಬ್ಯಾಡ್ರಿ," ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು.

ನೋವು ಕನಕಪ್ಪನಿಗೆ ಹಿಡಿಸಲಿಲ್ಲ, ಚೀಟಿ ಮಾತ್ರ ಬಹಳ ಹಿಡಿಸಿತು. ಪಂಚಾಯ್ತಿಯ ಕಂಪ್ಯೂಟರ್ ಕೋಣೆಯಲ್ಲಿ, ಫ್ಯಾನಿನ ಕೆಳಗೆ, ಒಂದು ಕುರ್ಚಿ ಖಾಲಿ ಇತ್ತು. ಹದಿನೆಂಟು ವರ್ಷ ಊರಿಗೆ ನೀರು ಬಿಟ್ಟವನಿಗೆ ಅಷ್ಟೂ ಸಿಗಬಾರದೇ?

ಸೋಮವಾರ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಹೊರಟ. ಪಕ್ಕದ ಮನೆಯ ಅಬೇದಾಬಿ ಬಾಗಿಲಲ್ಲೇ ತಡೆದಳು.

"ಏನಂದ್ರು ಕನಕಣ್ಣ, ಡಾಕ್ಟರು?"

"ಬೆನ್ನಾಗಿನ ನೀರ ಆರೇತಿ ಅಂದ್ರು."

"ಯಾ ಅಲ್ಲಾ! ಊರಿಗೆಲ್ಲ ನೀರ ಬಿಡಾಂವನ ಬೆನ್ನಾಗ ನೀರಿಲ್ಲಾ? ನಿಂದ್ರು, ಹಂಗ ಹೋಗಬ್ಯಾಡ." ದೊಡ್ಡ ತಂಬಿಗೆ ನೀರು ತಂದು ಒಡ್ಡಿದಳು.

"ಅದು ಕುಡದ್ರ ತುಂಬೂದಲ್ಲ, ಅಬೇದಕ್ಕ..."

"ಡಾಕ್ಟರ್ ನೀನೋ, ಅವ್ರೋ? ಕುಡಿ!"

ಸುದ್ದಿ ಅವನಿಗಿಂತ ಮುಂದೆ ಓಡಿತು. ಅದಕ್ಕೇನು ಸೊಂಟ ಹಿಡಿದಿರಲಿಲ್ಲವಲ್ಲ. ಗಿರಣಿ ಮುಂದೆ ಮಜ್ಜಿಗೆ, ಚಹಾದಂಗಡಿಯಲ್ಲಿ ಎಳನೀರು, ಕಟ್ಟೆಯ ಮೇಲೆ ಶರಬತ್ತು. ನೀರು ಒಂದು ತಾಸು ತಡವಾದರೆ ಅವನ ವಂಶವನ್ನೇ ಜಾಲಾಡುತ್ತಿದ್ದ ಓಣಿಯ ಮಂದಿ, ಇಂದು ಅವನ ಬೆನ್ನಿಗೆ ನೀರು ಹಾಯಿಸುವ ಪುಣ್ಯಕ್ಕೆ ಸಾಲುಗಟ್ಟಿದ್ದರು. ಬೇಡ ಎಂದವನ ಮಾತು ಯಾರಿಗೆ ಬೇಕು? ಪಂಚಾಯ್ತಿ ಮುಟ್ಟುವಷ್ಟರಲ್ಲಿ ಕನಕಪ್ಪ ತುಂಬಿದ ಕೊಡದಂತೆ ತುಳುಕುತ್ತಿದ್ದ. ನೀರು ಬೆನ್ನಿನ ಕಡೆ ತಿರುಗಿಯೂ ನೋಡಿರಲಿಲ್ಲ. ತಾನು ಹೋಗಬೇಕಾದಲ್ಲಿಗೇ ಹೋಗಿ ಬಾಗಿಲು ಬಡಿಯುತ್ತಿತ್ತು.

ಸರಿಯಾಗಿ ಆಗಲೇ ಪಿಡಿಓ ನೇತ್ರಾವತಿ ಮೇಡಂ ಒಳಗೆ ಕರೆದರು. ಚೀಟಿಯನ್ನು ಒಂದೊಂದೇ ಅಕ್ಷರ ಓದತೊಡಗಿದರು. ಕನಕಪ್ಪ ಕಾಲು ಬದಲಿಸಿದ, ತೊಡೆ ಬಿಗಿದ, ಹಲ್ಲು ಕಚ್ಚಿದ.

"ಭಾಳ ತ್ರಾಸ ಐತೇನ್ರಿ?"

"ಭಾಳ ಐತ್ರಿ ಮೇಡಂ. ತಡಕೊಳ್ಳಾಕ ಆಗವಲ್ದು."

ಮೇಡಂ ಕರಗಿಹೋಗಿ, ಒಂದು ಆದೇಶ ಬರೆದು ಮುಂದಿಟ್ಟರು. "ನಾಳಿಂದ ನಿಮಗ ವಾಲ್ವು ಬ್ಯಾಡ. ಕುಂತು ಮಾಡೂ ಕೆಲಸ ಕೊಡ್ತೀನಿ. ಒಪ್ಪಿಗಿ ಇದ್ರ ಓದಿ ಸಹಿ ಮಾಡ್ರಿ."

ಓದುವ ಸ್ಥಿತಿಯಲ್ಲಿ ಅವನಿರಲಿಲ್ಲ. ಸಹಿ ಗೀಚಿ, ಹದಿನೆಂಟು ವರ್ಷದ ಸೇವೆಯಲ್ಲಿ ಎಂದೂ ಓಡದಷ್ಟು ಜೋರಾಗಿ ಓಡಿದ.

ಶೌಚಾಲಯದಿಂದ ಪರಮ ಶಾಂತಿಯಲ್ಲಿ ಹೊರಬಂದರೆ, ನೀರಿನ ಟ್ಯಾಂಕರ್ ಎಳೆಯುವ ಟ್ರ್ಯಾಕ್ಟರಿನ ಡ್ರೈವರ್ ಹುಲಿಗೇಶ ಅಂಗಳದಲ್ಲಿ ನಿಂತಿದ್ದ.

"ತಗೋ ಕನಕಣ್ಣ, ಟ್ರ್ಯಾಕ್ಟರ್ ಕೀಲಿ. ನಾಳಿಂದ ಟ್ಯಾಂಕರ್ ನಿಂದು. ದಿನಾ ಎಂಟು ಸರ್ತಿ ತಾಂಡಾಕ್ಕ ಹೋಗಿ ಬರಬೇಕು. ದಾರ್‍ಯಾಗ ತಗ್ಗು ಭಾಳ ಅದಾವ, ನೋಡ್ಕೊಂಡು ಹೊಡಿ."

"ನಂದಾ? ಯಾರ ಹೇಳಿದ್ರು?"

"ನೀನ ಸಹಿ ಮಾಡೀಯಲ್ಲ! ನಿನಗ ಲೈಸೆನ್ಸ್ ಐತಿ, ಕೆಲಸಾನೂ ಕುಂತು ಮಾಡೂದು."

"ಮತ್ತ ನೀನು?"

"ನಿನ್ನ ವಾಲ್ವು ನನಗ. ಹೋದ ವಾರ ನಂದೂ ಸ್ಕ್ಯಾನ್ ಆತು. ಗಾದ್ಯಾಗಿನ ನೀರ ಆರೇತಂತ. ಟ್ರ್ಯಾಕ್ಟರ್ ಮ್ಯಾಲ ಕುಂತು ಕುಲುಕಬ್ಯಾಡ ಅಂದ್ರು ಡಾಕ್ಟರು. ನಿಂತು ಮಾಡೂ ಕೆಲಸ ಕೊಡ್ರಿ ಅಂತ ಮೇಡಂಗ ಕೈ ಮುಗಿದ್ನಿ. ಪುಣ್ಯಾತ್ಗಿತ್ತಿ, ಇಬ್ಬರಿಗೂ ಅನುಕೂಲ ಮಾಡ್ಯಾಳ."

ಕನಕಪ್ಪನ ಕೈಯಿಂದ ಕೀಲಿ ಜಾರಿ ನೆಲಕ್ಕೆ ಬಿತ್ತು. ಅವನು ಹುಲಿಗೇಶನ ಮುಖ ನೋಡಿದ. ಹುಲಿಗೇಶ ಅವನ ಮುಖ ನೋಡಿದ. ಮೇಡಂ ಊಟಕ್ಕೆ ಹೊರಟಾಗಲೂ ಇಬ್ಬರೂ ಸೊಂಟ ಹಿಡಿದು, ಕೀಲಿಯನ್ನೇ ನೋಡುತ್ತ, ಬಗ್ಗುವ ಮನುಷ್ಯ ಯಾರಾದರೂ ಬರಲಿ ಎಂದು ಕಾಯುತ್ತಿದ್ದರು.