ಒಂದು ಸ್ಟ್ಯಾಂಡು, ಎರಡು ರಿಸೀವರು

ಪಾಲು ಮಾಡಲಾಗದ ವಸ್ತು ಭೂಮಿಯ ಮೇಲೆ ಹುಟ್ಟಿಲ್ಲವೆಂದು ಅಫಜಲಪುರದ ಹಣಮಂತರಾಯರು ಎದೆ ತಟ್ಟಿ ಹೇಳುತ್ತಿದ್ದರು. ತಮ್ಮ ಗುರಣ್ಣನಿಂದ ಬೇರೆಯಾದಾಗ ಮನೆಯ ನಡುವೆ ಗೋಡೆ ಎಬ್ಬಿಸಿ, ಹೊಲ, ಎಮ್ಮೆ, ತೊಗರಿ ಎಲ್ಲವನ್ನೂ ಸರಿಸಮ ಹಂಚಿದವರು ಅವರೇ. ಕುಟ್ಟುವ ಕಲ್ಲಿನ ಒಳ್ಳು ಅಣ್ಣನಿಗೆ, ಅದರ ಒನಕೆ ತಮ್ಮನಿಗೆ ಹೋಯಿತು. ಅಂದಿನಿಂದ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಕುಟ್ಟಬೇಕಾದರೆ ಎರಡೂ ಮನೆಯ ಹೆಂಗಸರು ಓಣಿಯ ತುದಿಯ ರೇವಮ್ಮನ ಮನೆಗೆ ಹೋಗುತ್ತಿದ್ದರು. ಅಲ್ಲಿ ಎದುರಾದರೆ ಮುಖ ತಿರುಗಿಸಿಕೊಳ್ಳುತ್ತಿದ್ದರು. ರಾಯರು ಇದನ್ನು ನ್ಯಾಯವೆಂದು ಕರೆದರು.

ಪಾಲಾಗದೆ ಉಳಿದದ್ದು ಫೋನು. ತಂದೆಯ ಹೆಸರಿನಲ್ಲಿದ್ದ ಒಂದೇ ಕನೆಕ್ಷನ್ನು ಅಣ್ಣನ ಪಡಸಾಲೆಯಲ್ಲಿತ್ತು. ಗುರಣ್ಣ ತಕರಾರು ತೆಗೆದ.

"ತಂತಿ ಇದ್ದಲ್ಲಿ ತಂಟೆ. ತಂತೀನೇ ತೆಗೀತೇನಿ" ಎಂದು ಘೋಷಿಸಿ ರಾಯರು ಸೊಲ್ಲಾಪುರದ ಬಸ್ಸು ಹತ್ತಿದರು. ಒಂದೇ ಕಂಪನಿಯ, ಒಂದೇ ಬಣ್ಣದ ಎರಡು ಕಾರ್ಡ್‌ಲೆಸ್ ಫೋನು ತಂದರು. ನಡುಗೋಡೆಯಲ್ಲಿ ಆರಪಾರ ತೆರೆದ, ಗೂಡಿನಂಥ ಒಂದು ಮಾಡ ಕೊರೆಸಿ, ಎರಡೂ ಕಡೆಯವರ ಕೈಗೆ ಎಟುಕುವಂತೆ ಒಂದು ಸ್ಟ್ಯಾಂಡು ಇಟ್ಟು ಲೈನು ಜೋಡಿಸಿದರು. ಇನ್ನೊಂದು ಸ್ಟ್ಯಾಂಡು ದಂಡವೆಂದು ಟ್ರಂಕಿಗೆ ಹೋಯಿತು. ರಿಸೀವರು ಮನೆಗೊಂದು.

"ಒಂದರ ಮ್ಯಾಲ ಎರಡು ನಡೀತಾವೇನ್ರಿ?" ಎಂದು ಹೆಂಡತಿ ಗುರುಶಾಂತಮ್ಮ ಕೇಳಿದರು.

"ಒಂದೇ ಕಂಪನಿ ಮಕ್ಕಳು. ಯಾಕ ಜಗಳಾಡ್ತಾವ?"

"ನೀವೂ ಒಂದೇ ತಾಯಿ ಮಕ್ಕಳೇ ಇದ್ದೀರಿ."

ರಾಯರು ಪರೀಕ್ಷೆಗೆ ಇಳಿದರು. ತಮ್ಮ ರಿಸೀವರನ್ನು ಸ್ಟ್ಯಾಂಡಿನಲ್ಲಿ ಕೂರಿಸಿ, ಎತ್ತಿ ಮಾತಾಡಿದರು, ಧ್ವನಿ ಬಂತು. ತಮ್ಮನದನ್ನು ಕೂರಿಸಿ ಎತ್ತಿದರು, ಅದರಲ್ಲೂ ಬಂತು. ಮೊದಲಿನದನ್ನು ಮತ್ತೊಮ್ಮೆ ನೋಡಬೇಕೆಂದು ಅವರಿಗೆ ಹೊಳೆಯಲಿಲ್ಲ. ನೋಡಿದ್ದರೆ ತಿಳಿಯುತ್ತಿತ್ತು: ಆ ಸ್ಟ್ಯಾಂಡು ತನ್ನ ತೊಡೆಯ ಮೇಲೆ ಕೊನೆಗೆ ಕೂತವರನ್ನು ಮಾತ್ರ ಗುರುತಿಸುತ್ತಿತ್ತು. ಇನ್ನೊಬ್ಬರು ಕೂತೊಡನೆ ಮೊದಲಿನವರನ್ನು ಮರೆಯುತ್ತಿತ್ತು.

ಮರುದಿನ ಜೇವರ್ಗಿಯ ಚಂದ್ರಾಮಪ್ಪನವರ ಫೋನು ಬರಬೇಕಿತ್ತು. ರಾಯರ ಮಗಳು ನೀಲಾಂಬಿಕೆಯನ್ನು ನೋಡಿ ಹೋದ ಗಂಡಿನ ಕಡೆಯವರು ಅವರು; ಮಧ್ಯಾಹ್ನದೊಳಗೆ ಹೇಳುತ್ತೇವೆ, ಮಾತು ಕೂಡದಿದ್ದರೆ ಆಳಂದದ ಹೆಣ್ಣಿನ ಕಡೆಗೆ ಹೋಗುತ್ತೇವೆ ಎಂದಿದ್ದರು. ರಾತ್ರಿಯೆಲ್ಲ ಸ್ಟ್ಯಾಂಡಿನಲ್ಲಿ ಚಾರ್ಜಾದ ರಿಸೀವರನ್ನು ರಾಯರು ಬೆಳಿಗ್ಗೆಯೇ ಎತ್ತಿಕೊಂಡರು. ಓಣಿಯ ಹಿರಿಯರನ್ನು ಕರೆಸಿ ಕಟ್ಟೆಯ ಮೇಲೆ ಕೂರಿಸಿ, ಆಂಟೆನಾ ಎಳೆದು, ರಾಜದಂಡದಂತೆ ಹಿಡಿದು ಕೂತರು. ಖಾಲಿಯಾದ ಸ್ಟ್ಯಾಂಡಿನಲ್ಲಿ ಗುರಣ್ಣನ ಹೆಂಡತಿ ಗೌರಾಬಾಯಿ ತನ್ನ ಪಾಲಿನ ರಿಸೀವರನ್ನು ಚಾರ್ಜಿಗೆ ಇಟ್ಟದ್ದು ಅವರಿಗೆ ಕಾಣಲಿಲ್ಲ.

ಬಿಸಿಲು ಏರಿತು. ಗೋಡೆಯಾಚೆ ಎಲ್ಲೋ ಗಂಟೆ ಬಾರಿಸಿ ನಿಂತಿತು. ರಾಯರ ಕೈಯಲ್ಲಿದ್ದದ್ದು ಮೂಕವಾಗಿತ್ತು. ಕಿವಿಗೆ ಹಚ್ಚಿ ಹಲೋ ಎಂದರು, ಅಲುಗಾಡಿಸಿದರು, ಮಾಳಿಗೆ ಏರಿ ಆಂಟೆನಾವನ್ನು ಜೇವರ್ಗಿಯ ದಿಕ್ಕಿಗೆ ತಿರುಗಿಸಿದರು. ಕಟ್ಟೆಯ ಹಿರಿಯರು ಗಂಭೀರವಾಗಿ ಆಕಾಶ ನೋಡಿದರು. ಮಧ್ಯಾಹ್ನ ದಾಟಿತು. ಸಂಬಂಧ ಆಳಂದಕ್ಕೆ ಹೋಯಿತೆಂದು ರಾಯರು ಕೆಳಗಿಳಿದು ಪಡಸಾಲೆಯಲ್ಲಿ ಕುಸಿದರು. ನೀಲಾಂಬಿಕೆ ಒಳಕೋಣೆಯ ಬಾಗಿಲು ಹಾಕಿಕೊಂಡಳು.

ಆಗ ಗೌರಾಬಾಯಿ ಹೊಸ್ತಿಲು ದಾಟಿ ಬಂದಳು. ಗೋಡೆ ಎದ್ದ ಮೇಲೆ ಇದೇ ಮೊದಲು. ಒಂದು ಕೈಯಲ್ಲಿ ರಿಸೀವರು, ಇನ್ನೊಂದರಲ್ಲಿ ಒನಕೆ. ಗಂಡನ ಅಣ್ಣನೊಡನೆ ನೇರವಾಗಿ ಮಾತಾಡುವ ರೂಢಿ ಅವಳಿಗಿರಲಿಲ್ಲ. ಸೆರಗು ಎಳೆದುಕೊಂಡು ಗುರುಶಾಂತಮ್ಮನ ಕಡೆ ತಿರುಗಿದಳು.

"ಯಕ್ಕಾ, ಜೇವರ್ಗಿಯವರ ಫೋನ್ ನಮ್ಮ ಕಡೀಗೆ ಬಂದಿತ್ತು. ಒಡೆದ ಮನಿ ಅಂತ ಕೇಳೇವಿ, ಅಂಥಲ್ಲಿ ಹೆಣ್ಣು ತರೂದು ಹ್ಯಾಂಗ ಅಂದ್ರು. ಯಾರು ಹೇಳ್ಯಾರ್ರಿ, ನಮ್ಮ ಇಡೀ ಮನಿಗೆ ಫೋನೇ ಒಂದದ ಅಂದೆ."

"ಏನಂದ್ರವ್ವಾ?" ಗುರುಶಾಂತಮ್ಮ ಹತ್ತಿರ ಸರಿದರು.

"ಒಪ್ಯಾರ. ನಾಳೆ ಸಂಬಂಧ ಗಟ್ಟಿ ಮಾಡಿ ಸಕ್ಕರಿ ಹಂಚಾಕ ಬರ್ತಾರ. ಹುಡುಗಿ ಚಿಗವ್ವ ನಾನು, ನನ್ನ ಕೈ ಹಿಂಡಿ ಉಣ್ಣಬೇಕಂತ."

ಒಳಕೋಣೆಯ ಬಾಗಿಲು ತೆರೆಯಿತು. ಗುರುಶಾಂತಮ್ಮ ಮೂಲೆಯಲ್ಲಿದ್ದ ಒಳ್ಳನ್ನು ಉರುಳಿಸಿ ತಂದು, ಧೂಳು ಒರೆಸಿ ನಡುಮನೆಯಲ್ಲಿ ಇಟ್ಟರು. ರಾಯರು ಇನ್ನೂ ರಿಸೀವರನ್ನು ಹಿಡಿದು ಅದರ ಗುಂಡಿಗಳನ್ನು ಒತ್ತುತ್ತಿದ್ದರು.

ಗೌರಾಬಾಯಿ ಒನಕೆಯನ್ನು ಗೋಡೆಗೆ ಆನಿಸಿದಳು.

"ಯಕ್ಕಾ, ಭಾವಗ ಅದನ್ನ ಕೆಳಗಿಟ್ಟು ಈ ಒನಕಿ ಹಿಡೀರಿ ಅಂತ ಹೇಳ್ರಿ. ಇದು ಯಾರ ಮನಿ ಒಳ್ಳಿನಾಗಾದ್ರೂ ನಡೀತದ."